ಜೀನ್ಸ್ ಹೊಲಿಯುವವರ ಕೈಯಲ್ಲಿ ಹಾಯಿದೋಣಿಯ ಬಟ್ಟೆ: ಕೌಲ್ ಬಜಾರಿನ ಒಂದು ಘಟಕದ ಕೆಲಸ

ನನ್ನ ತಮ್ಮ ಗೋವಾದಲ್ಲಿ 34 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಕೊಚ್ಚಿಯ ಮೂಲಕ ಮಾಲ್ಡೀವ್ಸ್‌ವರೆಗೆ ಒಯ್ಯಲು ಅದನ್ನು ಸಜ್ಜುಗೊಳಿಸುತ್ತಿದ್ದಾನೆ. ಎಂಜಿನ್, ಬ್ಯಾಟರಿ, ರೇಡಿಯೊಗಳ ಹೊಣೆ ಅವನದು; ಬಳ್ಳಾರಿಯಲ್ಲಿ ಕುಳಿತ ನನ್ನ ಪಾಲಿಗೆ ಬಂದದ್ದು ಬಟ್ಟೆಯ ಕೆಲಸ. ಕರಾವಳಿಯಲ್ಲಿ ಕೇಳಿದ ಕೂಲಿ ದುಬಾರಿಯೆನಿಸಿದ್ದರಿಂದ, ದಪ್ಪ ಬಟ್ಟೆಯನ್ನು ದಿನವಿಡೀ ಹೊಲಿಯುವ ನಮ್ಮೂರಿನವರಿಗೇ ಏಕೆ ಕೊಡಬಾರದು ಎಂದುಕೊಂಡು, ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟುಗಳನ್ನು ಜಾಬ್ ವರ್ಕ್ ಮೇಲೆ ಹೊಲಿದುಕೊಡುವ ಚಿಕ್ಕ ಘಟಕವೊಂದಕ್ಕೆ ಹೋದೆವು. ದೊಡ್ಡ ಹಾಯಿಯನ್ನು ಮಡಿಸಿಟ್ಟಾಗ ಬಿಸಿಲಿನಿಂದ ಕಾಯುವ ಹೊದಿಕೆ, ದೋಣಿ ವಾಲಿದಾಗ ಮಲಗಿದವರು ಉರುಳಿಬೀಳದಂತೆ ಮಂಚದ ಬದಿಗೆ ಕಟ್ಟುವ ತಡೆಬಟ್ಟೆ, ದೋಣಿಯನ್ನೇ ಬಿಟ್ಟುಹೋಗಬೇಕಾದ ಗಳಿಗೆಯಲ್ಲಿ ಎತ್ತಿಕೊಳ್ಳುವ ತುರ್ತುಚೀಲ ಹಾಗೂ ಡೆಕ್ಕಿನ ಮೇಲೆ ಬಿಗಿಯುವ ಜಾಕ್‌ಲೈನ್ ಎಂಬ ಒಂದು ಸುರಕ್ಷಾಪಟ್ಟಿ, ಇಷ್ಟು ನಮ್ಮ ಬೇಡಿಕೆ.

ಕೈಕೆಲಸದ ಅಚ್ಚುಕಟ್ಟಿನಲ್ಲಿ ಎರಡು ಮಾತಿಲ್ಲ. ನಾವು ಒಯ್ದ ಅಕ್ರಿಲಿಕ್ ಕ್ಯಾನ್ವಾಸ್ ಅವರ 12 ಔನ್ಸ್ ಡೆನಿಮ್‌ಗಿಂತ ತೆಳುವಾದದ್ದರಿಂದ, ಕಟಿಂಗ್ ಮಾಸ್ಟರರಿಗೆ ಅದು ಸವಾಲೆನಿಸಲೇ ಇಲ್ಲ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿ ಹೊಲಿಯುವ, ಪ್ಯಾಂಟಿನ ಕಾಲಿನಲ್ಲಿ ಕಾಣುವ ಆ ಜೋಡಿ ಹೊಲಿಗೆಯೇ ದೋಣಿಯ ಹೊದಿಕೆಗೂ ಬೇಕಾದದ್ದು.

ತೊಡಕು ಇದ್ದದ್ದು ಆ ಹೊಲಿಗೆ ಹಾಕುವ ಯಂತ್ರದಲ್ಲಿ. ಅದು ಹಾಕುವುದು ಚೈನ್ ಸ್ಟಿಚ್. ಒಂದೆಡೆ ದಾರ ಕಡಿದರೆ, ಸಿಮೆಂಟ್ ಚೀಲದ ಬಾಯಿಯ ದಾರವನ್ನು ಎಳೆದಂತೆ, ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳಬಹುದು. ಪ್ಯಾಂಟು ಬಿಚ್ಚಿಕೊಂಡರೆ ಓಣಿಯ ದರ್ಜಿಯಿದ್ದಾನೆ, ನಡುಗಡಲಿನಲ್ಲಿ ಯಾರೂ ಇರುವುದಿಲ್ಲ. ಇದನ್ನು ವಿವರಿಸಿದಾಗ ಮಾಸ್ಟರರು ಬೇಸರಿಸಿಕೊಳ್ಳದೆ ಪ್ರತಿ ಸಾಲಿನ ಮೇಲೂ ಸಿಂಗಲ್ ನೀಡಲ್ ಯಂತ್ರದಲ್ಲಿ, ಹಾಗೆ ಸರ್ರನೆ ಬಿಚ್ಚಿಕೊಳ್ಳದ ಲಾಕ್ ಸ್ಟಿಚ್ಚನ್ನು ಮತ್ತೊಮ್ಮೆ ಓಡಿಸಿಕೊಟ್ಟರು, ಅದಕ್ಕೆ ಹೆಚ್ಚಿನ ಕೂಲಿಯನ್ನೂ ಕೇಳಲಿಲ್ಲ.

ದಾರವನ್ನು ಮಾತ್ರ ನೀವೇ ಒಯ್ಯಬೇಕು. ಜೀನ್ಸಿನ ದಾರವನ್ನೂ, ನೇರಳಾತೀತ ಕಿರಣ ತಡೆಯುವ ಪಾಲಿಯೆಸ್ಟರ್ ದಾರವನ್ನೂ ಹಾಕಿದ ಎರಡು ತುಂಡುಗಳನ್ನು ನಾನು ಫೆಬ್ರವರಿಯಿಂದ ಮೇ ತಿಂಗಳವರೆಗೆ ಮಾಳಿಗೆಯ ಮೇಲೆ ಮೊಳೆ ಹೊಡೆದು ಇಟ್ಟಿದ್ದೆ. ಬಳ್ಳಾರಿಗೆ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವಾದ್ದರಿಂದ ಪರೀಕ್ಷೆಗೆ ಬೇರೆ ಏರ್ಪಾಡು ಬೇಕಾಗಲಿಲ್ಲ. ಮೊದಲನೆಯದು ಬಣ್ಣಗೆಟ್ಟು, ಉಗುರಿನಿಂದ ಎಳೆದರೆ ಎಳೆಯೆಳೆಯಾಗಿ ಬಿಟ್ಟುಕೊಂಡಿತು, ಎರಡನೆಯದು ಜಗ್ಗಲಿಲ್ಲ.

ತುರ್ತುಚೀಲವೇ ಇವರ ಕೆಲಸದಲ್ಲಿ ಅತ್ಯುತ್ತಮವಾದದ್ದು. ನೀರು, ಕೈ ರೇಡಿಯೊ, ಸಂಕೇತದ ಬಾಣಬಿರುಸುಗಳು, 406 ಮೆಗಾಹರ್ಟ್ಸ್‌ನ ತುರ್ತು ಬೀಕನ್, ಇವಕ್ಕೆ ಪ್ರತ್ಯೇಕ ಜೇಬು ಬೇಕಿತ್ತು. ಜೇಬು ಹೊಲಿಯುವುದರಲ್ಲಿ ಇವರನ್ನು ಮೀರಿಸುವವರು ಯಾರು? ಹಿಡಿಕೆಯ ಬುಡಕ್ಕೆ ಬೆಲ್ಟ್ ಲೂಪಿಗೆ ಹಾಕುವ ಬಾರ್ಟ್ಯಾಕ್ ಎಂಬ ಒತ್ತೊತ್ತಾದ ಹೊಲಿಗೆ ಹಾಕಿದ್ದಾರೆ, ಇಪ್ಪತ್ತು ಕಿಲೋ ತುಂಬಿ ಎತ್ತಿ ಕುಲುಕಿದರೂ ಅದು ಅಲುಗಲಿಲ್ಲ. ಅಂದಹಾಗೆ, ಆ ಬೀಕನ್ ಎಬ್ಬಿಸುವ ಕೂಗು ಉಪಗ್ರಹದ ಮೂಲಕ ಬಂದು ತಲುಪುವ ಭಾರತೀಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಇಸ್ರೋದಲ್ಲಿಯೇ.

ಜಾಕ್‌ಲೈನ್ ಎಂದರೆ ಡೆಕ್ಕಿನ ಮೇಲೆ ಮುಂತುದಿಯಿಂದ ಹಿಂತುದಿಯವರೆಗೆ ಬಿಗಿದ ಪಟ್ಟಿ. ಓಡಾಡುವವರು ಎದೆಪಟ್ಟಿಯ ಹಗ್ಗವನ್ನು ಅದಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ದೂರಸಮುದ್ರದ ಓಟಗಳ ನಿಯಮದಂತೆ ಅದು 2040 ಕಿಲೋ ಸೆಳೆತವನ್ನು ತಾಳಬೇಕು. ಪಟ್ಟಿಯ ತುದಿಗಳನ್ನು ಇವರು ಸೊಗಸಾಗಿಯೇ ಹೊಲಿದಿದ್ದಾರೆ. ನೀಲಿ ಪಟ್ಟಿಗೆ ಜೀನ್ಸಿನ ರೂಢಿಯಂತೆ ಕಿತ್ತಳೆ ದಾರ ಬಳಸಿದ್ದರಿಂದ ಎಲ್ಲಿ ಸವೆದರೂ ಕಣ್ಣಿಗೆ ಬೀಳುತ್ತದೆ. ಆದರೆ ಹೊಲಿಗೆಯ ಬಲವನ್ನು ಅಳೆಯುವ ಸಾಧನ ಘಟಕದಲ್ಲಿಲ್ಲ, ಜೀವ ನೆಚ್ಚಿಕೊಳ್ಳುವ ವಸ್ತುವನ್ನು ಅಂದಾಜಿನ ಮೇಲೆ ಒಪ್ಪಲಾಗದು. ಹೀಗಾಗಿ ಪ್ರಮಾಣೀಕೃತವಾದ ಬೇರೊಂದನ್ನು ಕೊಂಡೆವು, ಇವರದು ಈಗ ಚಿಕ್ಕ ರಬ್ಬರ್ ದೋಣಿಯನ್ನು ಬಿಗಿದು ಕಟ್ಟಲು ಬಳಕೆಯಾಗುತ್ತಿದೆ. ಹಾಯಿಯನ್ನಂತೂ ಇವರಿಗೆ ಕೊಡಬೇಡಿ. ಅದಕ್ಕೆ ಬೇಕಾದ ಅಗಲದ ಝಿಗ್‌ಝಾಗ್ ಯಂತ್ರವೂ ಇಲ್ಲಿಲ್ಲ, ಹಾಸಿ ಕತ್ತರಿಸುವಷ್ಟು ನೆಲವೂ ಇಲ್ಲ.

ನನ್ನ ದೂರು ಐಲೆಟ್‌ಗಳದ್ದು, ಎಂದರೆ ಹಗ್ಗ ಪೋಣಿಸಲು ಬಟ್ಟೆಯ ತೂತಿಗೆ ಬಡಿಯುವ ಲೋಹದ ಬಳೆಗಳದ್ದು. ಹಿತ್ತಾಳೆಯದು ಹಾಕಿರೆಂದು ಹೇಳಿದ್ದರೂ ಕೈಗೆ ಸಿಕ್ಕ ನಿಕ್ಕಲ್ ಲೇಪದ ಕಬ್ಬಿಣದವನ್ನು ಬಡಿದಿದ್ದರು, ಉಪ್ಪುಗಾಳಿಗೆ ತಿಂಗಳೊಳಗೆ ತುಕ್ಕಿನ ಕಲೆ ಹೊದಿಕೆಯ ತುಂಬ ಹರಡಿತು. ದೀಪಾವಳಿಯ ಆರ್ಡರುಗಳ ನೆಪದಲ್ಲಿ ಒಂಬತ್ತು ದಿನ ತಡವಾದದ್ದನ್ನು ಬೇಕಾದರೆ ಮನ್ನಿಸಬಹುದು, ಇದನ್ನಲ್ಲ. ಬಟ್ಟೆ, ದಾರಗಳನ್ನು ಬಿಟ್ಟು ಕೂಲಿ 6,800 ರೂಪಾಯಿಯಾಯಿತು. ಕರಾವಳಿಯಲ್ಲಿ ಕೇಳಿದ್ದರ ಅರ್ಧಕ್ಕಿಂತಲೂ ಕಡಿಮೆ.

ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಾಗ ಬಿಸಿಲ ಚಪ್ಪರವನ್ನೂ ಇವರಿಂದಲೇ ಹೊಲಿಸುವ ಎಣಿಕೆಯಿದೆ. ಐಲೆಟ್‌ಗಳನ್ನು ಮಾತ್ರ ಎಣಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅವರು ಬಡಿದು ಮುಗಿಸುವವರೆಗೆ ಅಲ್ಲೇ ಕುಳಿತಿರುತ್ತೇನೆ.