ಕತ್ತಲ ಚರ್ಚು, ಬೆಳಗುವ ಗಾಜು: ಆರು ವರ್ಷ ಬಳಸಿದ ಕ್ಯಾಮೆರಾ ಮತ್ತು 20 ಮಿ.ಮೀ. ಲೆನ್ಸ್

ಈ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾವನ್ನೂ ಅದರ ಜೊತೆ 20 ಮಿ.ಮೀ. ಎಫ್ 1.8 ಲೆನ್ಸನ್ನೂ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು) ಕೊಂಡು ಆರು ವರ್ಷವಾಯಿತು. ಕೊಂಡದ್ದು ಒಂದೇ ಆಸೆಯಿಂದ: ಹಳೆಯ ಚರ್ಚುಗಳ ಒಳಗಿನ ಕತ್ತಲೆಯನ್ನೂ ಅಲ್ಲಿ ಬೆಳಗುವ ಬಣ್ಣದ ಗಾಜಿನ ಕಿಟಕಿಗಳನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕು. ಮದುವೆಗೆ, ಹಕ್ಕಿಗೆ, ವಿಡಿಯೊಗೆ ನಾನಿದನ್ನು ಬಳಸಿಲ್ಲ. ಆ ಮಾತುಗಳು ಇಲ್ಲಿ ಬರುವುದಿಲ್ಲ.

ಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕೆ ನನ್ನ ಟಿಪ್ಪಣಿ ಪುಸ್ತಕದ ಒಂದು ಸಾಲು ಸಾಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಎಫ್ 5.6, ಶಟರ್ ತೆರೆದಿರಬೇಕಾದ ಹೊತ್ತು ಕಿಟಕಿಗೆ ಸೆಕೆಂಡಿನ ಅರವತ್ತನೇ ಒಂದು ಭಾಗ, ಅದರ ಪಕ್ಕದ ಕಂಬಕ್ಕೆ 8 ಸೆಕೆಂಡು. ಅಂದರೆ 480 ಪಟ್ಟು ಅಂತರ, ಸುಮಾರು ಒಂಬತ್ತು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಕಂಬದ ಹಿಂದಿನ ನೆರಳು ಇನ್ನೂ ಆಳ. ಕ್ಯಾಮೆರಾದ ಸ್ವಯಂಚಾಲಿತ ಅಳತೆಗೆ ಬಿಟ್ಟರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ: ಗೋಡೆ ಚೆನ್ನಾಗಿ ಬಂದರೆ ಕಿಟಕಿ ಬರಿಯ ಬಿಳಿ ಹಾಳೆ.

ಮೊದಲ ವರ್ಷ ನಾನು ಲೆನ್ಸನ್ನು ಎಫ್ 1.8ಕ್ಕೆ ತೆರೆದು, ಐಎಸ್‌ಒ 1600ಕ್ಕೆ ಏರಿಸಿ ತೆಗೆಯುತ್ತಿದ್ದೆ. ಕತ್ತಲೆಗೆ ಅದೇ ಮದ್ದು ಎಂದು ನಂಬಿದ್ದೆ. ಆದರೆ ಐಎಸ್‌ಒ ಒಂದು ಸ್ಟಾಪ್ ಏರಿದರೆ ಸಂವೇದಕಕ್ಕೆ, ಅಂದರೆ ಬೆಳಕನ್ನು ಹಿಡಿಯುವ ಚಿಪ್‌ಗೆ, ದಕ್ಕುವ ಬೆಳಕು-ನೆರಳಿನ ವ್ಯಾಪ್ತಿಯೂ ಹೆಚ್ಚುಕಡಿಮೆ ಒಂದು ಸ್ಟಾಪ್ ಕುಗ್ಗುತ್ತದೆ. ಈ ಕೆಲಸಕ್ಕೆ ಬೇಕಾದದ್ದೇ ಆ ವ್ಯಾಪ್ತಿ. ಈಗ ಐಎಸ್‌ಒ 100ರಿಂದ ಕದಲುವುದಿಲ್ಲ. ಗಾಜು ಉಳಿಯುವಷ್ಟೇ ಬೆಳಕು ಕೊಟ್ಟು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ದತ್ತಾಂಶ) ನೆರಳನ್ನು ಮೇಲೆತ್ತುತ್ತೇನೆ. ಈ ಕ್ಯಾಮೆರಾದ ನಿಜವಾದ ಶಕ್ತಿ ಕಾಣುವುದು ಅಲ್ಲೇ. ನಾಲ್ಕು ಸ್ಟಾಪ್ ಎತ್ತಿದರೂ ಕಲ್ಲಿನ ಗೋಡೆ ಕಲ್ಲಿನಂತೆಯೇ ಕಾಣುತ್ತದೆ. ಐದಕ್ಕೆ ಹೋದರೆ ನೆರಳಿನಲ್ಲಿ ನೇರಳೆ ಛಾಯೆ ಇಣುಕುತ್ತದೆ, ಕಾಳುಕಾಳು ಏಳುತ್ತದೆ. ಎಫ್ 1.8 ವ್ಯರ್ಥವೇನೂ ಅಲ್ಲ. ಮಬ್ಬಿನಲ್ಲಿ ಫೋಕಸ್ ಹಿಡಿಯಲು ಅದು ತುಂಬ ನೆರವಾಗುತ್ತದೆ.

ಗಾಜು ಉಳಿಯಿತೋ ಇಲ್ಲವೋ ಎಂದು ತಿಳಿಯುವ ವಿಷಯದಲ್ಲಿ ಈ ಕ್ಯಾಮೆರಾ ನನಗೆ ಒಮ್ಮೆ ಕೈಕೊಟ್ಟಿದೆ. ಮರಿಯಮ್ಮನವರ ನೀಲಿ ಹೊದಿಕೆ ಇರುವ ಎತ್ತರದ ಕಿಟಕಿ ಅದು. ಹೊದಿಕೆಯ ಮಡಿಕೆಗಳನ್ನು ಗಾಜಿನ ಮೇಲೆ ಕಂದು ಬಣ್ಣದಲ್ಲಿ ಬರೆದು, ಕುಲುಮೆಯಲ್ಲಿ ಸುಟ್ಟು ಕೂರಿಸಿದ್ದರು. ದಪ್ಪ ಗೆರೆಗಳ ನಡುವೆ ಹೊಗೆಯಂಥ ತೆಳು ಛಾಯೆ. ಚಿತ್ರದ ಹೊಳಪಿನ ಹಂಚಿಕೆ ತೋರಿಸುವ ಗ್ರಾಫ್, ಅಂದರೆ ಹಿಸ್ಟೋಗ್ರಾಮ್, ಬಲ ಅಂಚಿನಿಂದ (ಅತಿ ಹೊಳಪಿನ ಕಡೆಯಿಂದ) ಸಾಕಷ್ಟು ದೂರ ನಿಂತಿತ್ತು, ಬೆಳಕು ಮಿತಿಮೀರಿದ ಕಡೆ ಕಾಣುವ ಎಚ್ಚರಿಕೆಯ ಮಿನುಗು ಕಾಣಲಿಲ್ಲ. ನೆಮ್ಮದಿಯಿಂದ ಮನೆಗೆ ಬಂದು ಫೈಲ್ ತೆರೆದರೆ ಗೆರೆಗಳು ಮಾತ್ರ ಇವೆ, ಛಾಯೆ ಇಲ್ಲ. ಹೊದಿಕೆ ನೀಲಿ ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿತ್ತು. ಆ ದಿನದ ಸಂಕಟ ಇನ್ನೂ ನೆನಪಿದೆ. ಕೋಬಾಲ್ಟ್ ಬೆರೆತ ನೀಲಿ ಗಾಜಿನಿಂದ ದಾಟಿ ಬರುವುದು ಬಹುಪಾಲು ನೀಲಿ ಬೆಳಕೇ. ಒಟ್ಟು ಹೊಳಪನ್ನು ಲೆಕ್ಕ ಹಾಕುವ ಹಿಸ್ಟೋಗ್ರಾಮಿನಲ್ಲಿ ನೀಲಿಯ ತೂಕ ಬಹಳ ಕಡಿಮೆ. ನೀಲಿ ಚಾನೆಲ್, ಅಂದರೆ ಚಿತ್ರದ ನೀಲಿ ಬೆಳಕಿನ ಪಾಲು, ತುಂಬಿ ಚೆಲ್ಲಿದರೂ ಗ್ರಾಫ್ ಸುಮ್ಮನಿರುತ್ತದೆ. ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಇದರಲ್ಲಿ ಇದೆ, ಆದರೆ ಮೆನುವಿನ ಮೂರನೇ ಪುಟದಲ್ಲಿ. ಕ್ಯಾಮೆರಾ ಕೈಗೆ ಬಂದ ದಿನವೇ ಅದನ್ನು ಚಾಲೂ ಮಾಡಿ, ನೀಲಿ ಮತ್ತು ಕೆಂಪು ಅಂಚು ಮುಟ್ಟದಂತೆ ನೋಡಿಕೊಳ್ಳಿ.

ಲೆನ್ಸಿನ ಬಗ್ಗೆ ಹೇಳುವಾಗ ಮನಸ್ಸು ತುಂಬಿ ಬರುತ್ತದೆ. ಇಂಥ ಚಿತ್ರದಲ್ಲಿ ಸಂವೇದಕಕ್ಕಿಂತ ಮೊದಲು ಸೋಲುವುದು ಲೆನ್ಸ್. ಕಿಟಕಿಯ ಬೆಳಕು ಒಳಗಿನ ಗಾಜುಗಳ ನಡುವೆ ಚೆದುರಿ, ಕಿಟಕಿಯ ಸುತ್ತ ಮಂಜಿನಂತೆ ಹರಡಿ, ಪಕ್ಕದ ನೆರಳನ್ನು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ಆ ಮಂಜಿನಡಿಯ ವಿವರವನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿಸಲಾರದು. ಈ ಲೆನ್ಸಿನಲ್ಲಿ ಕಿಟಕಿಯ ಅಂಚು ಚಾಕುವಿನಲ್ಲಿ ಕೊಯ್ದಷ್ಟು ಚೊಕ್ಕ, ಸೀಸದ ಪಟ್ಟಿಗಳು ಅಚ್ಚಕಪ್ಪು. ಆದರೆ ರಕ್ಷಣೆಗೆಂದು ಹಾಕಿದ ಯುವಿ ಫಿಲ್ಟರ್ ಈ ಗುಣವನ್ನೇ ಕೆಡಿಸುತ್ತದೆ. ಚಾವಣಿಯ ಕತ್ತಲಲ್ಲಿ ಕಿಟಕಿಯ ತಲೆಕೆಳಗಾದ ಮಸುಕು ಪ್ರತಿಬಿಂಬ ತೇಲುತ್ತದೆ. ನಾನು ಬಾಗಿಲಲ್ಲೇ ಫಿಲ್ಟರ್ ಬಿಚ್ಚಿ, ಮುಂದಿನ ಗಾಜನ್ನು ಒರೆಸಿಕೊಂಡು ಒಳಗೆ ಹೋಗುತ್ತೇನೆ. ಒಂದು ಬೆರಳಚ್ಚು ಇದ್ದರೂ ಆ ಮಂಜು ಮರಳುತ್ತದೆ.

ಟ್ರೈಪಾಡಿಗೆ ಅನೇಕ ಕಡೆ ಅನುಮತಿ ಇರುವುದಿಲ್ಲ. ಕ್ಯಾಮೆರಾದೊಳಗಿನ ನಡುಕ ತಡೆಯುವ ವ್ಯವಸ್ಥೆ ಕಾಲು ಸೆಕೆಂಡಿನವರೆಗೆ ನನ್ನ ಕೈಯನ್ನು ಕಾಯುತ್ತದೆ. ಅದಕ್ಕೂ ಮೀರಿದರೆ ಬೆಂಚಿನ ಬೆನ್ನ ಮೇಲೆ ಮಡಿಸಿದ ಶಾಲು, ಅದರ ಮೇಲೆ ಕ್ಯಾಮೆರಾ, ಎರಡು ಸೆಕೆಂಡಿನ ಟೈಮರ್. ಕೈ ತೆಗೆದು ನಿಲ್ಲುವ ಆ ಎರಡು ಸೆಕೆಂಡಿನಲ್ಲಿ ಶಾಲು ಕುಸಿದು ಚಿತ್ರ ವಾಲದಂತೆ, ಗಟ್ಟಿಯಾಗಿ ನಾಲ್ಕು ಮಡಿಕೆ ಮಾಡಿರಬೇಕು. ಫ್ಲ್ಯಾಶ್ ಬೇಡವೇ ಬೇಡ. ಅದು ಗಾಜಿನ ಒಳಮುಖಕ್ಕೆ ಬಡಿದು ಬಣ್ಣವನ್ನೇ ಕೊಲ್ಲುತ್ತದೆ, ಪ್ರಾರ್ಥಿಸುವವರ ಏಕಾಗ್ರತೆಯನ್ನೂ ಕೆಡಿಸುತ್ತದೆ.

ಸದ್ದಿಲ್ಲದ ಶಟರ್ ಇದೆ ಎಂಬುದು ಇಂಥ ಜಾಗದಲ್ಲಿ ದೊಡ್ಡ ವರ. ಎಲ್‌ಇಡಿ ದೀಪಗಳಿದ್ದರೆ ಮಾತ್ರ ಗೋಡೆಯ ಮೇಲೆ ಅಡ್ಡಡ್ಡ ಪಟ್ಟೆ ಬೀಳುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ದೀಪಗಳು ಸಾಮಾನ್ಯವಾಗಿ ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತವೆ. ಶಟರನ್ನು ಐವತ್ತನೇ ಒಂದು ಸೆಕೆಂಡಿಗೋ ಅದಕ್ಕಿಂತ ನಿಧಾನಕ್ಕೋ ಇಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯ.

ನನಗೆ ತೃಪ್ತಿ ಕೊಡದ ಸೌಲಭ್ಯವೆಂದರೆ ಬೇರೆಬೇರೆ ಪ್ರಮಾಣದ ಬೆಳಕು ಕೊಟ್ಟು ತೆಗೆದ ಚಿತ್ರಗಳನ್ನು ಕ್ಯಾಮೆರಾವೇ ಬೆಸೆದು ಕೊಡುವ ಎಚ್‌ಡಿಆರ್. ಅದು ಗೋಡೆಯನ್ನೂ ಕಿಟಕಿಯನ್ನೂ ಒಂದೇ ಹೊಳಪಿಗೆ ತರುತ್ತದೆ. ಕಿಟಕಿ ಬೆಳಕಿನ ಮೂಲವೆಂಬುದೇ ಮರೆತುಹೋಗುತ್ತದೆ. ಮೇಣದಬತ್ತಿಯ ಜ್ವಾಲೆಗೆ ಮೂರು ನಾಲಿಗೆ ಮೂಡುತ್ತದೆ. ಎರಡೆರಡು ಸ್ಟಾಪ್ ಅಂತರದ ಮೂರು ರಾ ಫೈಲ್ ತೆಗೆದು, ಮನೆಯಲ್ಲಿ ಕೈಯಾರೆ ಬೆಸೆಯುವುದೇ ಲೇಸು. ಆಗಲೂ ಕಿಟಕಿಯನ್ನು ಗೋಡೆಗಿಂತ ಎರಡು ಸ್ಟಾಪಿನಷ್ಟಾದರೂ ಹೊಳೆಯಲು ಬಿಡುತ್ತೇನೆ. ಮೋಡ ಕವಿದ ದಿನ ಹೋದರೆ ಎಷ್ಟೋ ಬಾರಿ ಬೆಸೆಯುವ ಅಗತ್ಯವೇ ಬೀಳುವುದಿಲ್ಲ.

ಆರು ವರ್ಷದಲ್ಲಿ ಹಿಡಿಕೆಯ ರಬ್ಬರ್ ಒಂದು ಮೂಲೆಯಲ್ಲಿ ಎದ್ದಿದೆ, ಬ್ಯಾಟರಿಯನ್ನು ಒಮ್ಮೆ ಬದಲಿಸಿದ್ದೇನೆ. ಹೊಸ ಮಾದರಿಗಳಲ್ಲಿ ಫೋಕಸ್ ಚುರುಕಾಗಿದೆ, ಪಿಕ್ಸೆಲ್ ಹೆಚ್ಚಿದೆ. ಒಂದನ್ನು ಎರವಲು ತಂದು ಅದೇ ಚರ್ಚಿನಲ್ಲಿ ಅದೇ ಕಿಟಕಿ ತೆಗೆದಾಗ, ನಾಲ್ಕು ಸ್ಟಾಪ್ ಎತ್ತಿದ ನೆರಳಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕ್ಯಾಮೆರಾ ಬದಲಿಸುವ ಯೋಚನೆ ಸದ್ಯಕ್ಕಿಲ್ಲ. ಮುಂದೊಂದು ದಿನ ಬದಲಿಸಿದರೂ ಲೆನ್ಸ್ ಇದೇ ಇರುತ್ತದೆ.