ಪಾಹೋ ಎಂಕ್ಯೂಟಿಟಿ ಲೈಬ್ರರಿ: ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೂರು ವರ್ಷ

ಮಲ್ಪೆ ಬಂದರಿನ ಹತ್ತಿರ ನನ್ನ ಭಾವನ ಐಸ್ ಪ್ಲಾಂಟ್ ಇದೆ. ಅಲ್ಲಿನ ಉಪ್ಪುನೀರಿನ ಟ್ಯಾಂಕಿಗೆ ಒಂದು ಸೆನ್ಸರ್ ಇಳಿಬಿಟ್ಟು, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಅದು ನಿಮಿಷಕ್ಕೊಮ್ಮೆ ಬ್ರೋಕರ್‌ಗೆ, ಅಂದರೆ ಮೆಸೇಜ್ ಪಡೆದು ಬೇಕಾದವರಿಗೆ ಹಂಚುವ ಸರ್ವರ್‌ಗೆ, ಟ್ಯಾಂಕಿನ ಉಷ್ಣತೆಯ ಅಂಕಿ ಕಳಿಸುತ್ತದೆ. ಉಡುಪಿಯ ಮನೆಯಲ್ಲಿರುವ ನನ್ನ ಹಳೇ ಲ್ಯಾಪ್‌ಟಾಪ್ ಅದನ್ನು ಪಡೆದು, ಟ್ಯಾಂಕಿನ ತಂಪು ಕಡಿಮೆಯಾದರೆ ಭಾವನ ಫೋನಿಗೆ ಮೆಸೇಜ್ ಹಾಕುತ್ತದೆ. ಹೀಗೆ ಮೆಸೇಜ್ ಸಾಗಿಸುವ ನಿಯಮಗಳ ಹೆಸರು ಎಂಕ್ಯೂಟಿಟಿ. ಎರಡೂ ಕಡೆ ಅದನ್ನು ನಡೆಸುವುದು ಪೈಥಾನ್ ಭಾಷೆಯ ಪಾಹೋ ಲೈಬ್ರರಿ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ನನ್ನ ಬಜೆಟ್ಟಿಗೆ ಅದೇ ದೊಡ್ಡದು.

ಮೊದಲ ವರ್ಷ ಆಗಸ್ಟ್ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಒಂದು ರಾತ್ರಿ ಮನೆಯ ನೆಟ್ ಹತ್ತು ನಿಮಿಷ ಹೋಗಿ ಬಂತು, ಅಷ್ಟೇ. ಬೆಳಿಗ್ಗೆ ಭಾವನ ಫೋನು. "ಎಂತ ಮಾರಾಯ, ಗಡ್ಡೆ ಅರ್ಧಂಬರ್ಧ ಕಟ್ಟಿದೆ. ನಿನ್ನ ಮೆಸೇಜೇ ಇಲ್ಲ!"

ಲ್ಯಾಪ್‌ಟಾಪ್ ನೋಡಿದರೆ ಸಂಪರ್ಕ ಸರಿಯಾಗಿಯೇ ಇತ್ತು. ನೆಟ್ ಬಂದ ಕೂಡಲೇ ಪಾಹೋ ತಾನೇ ಮತ್ತೆ ಸೇರಿಕೊಂಡಿತ್ತು. ಆದರೆ "ಅಂಕಿ ಬಂದರೆ ನನಗೂ ಕಳಿಸು" ಎಂದು ಬ್ರೋಕರ್‌ಗೆ ಹೇಳುವ ಸಬ್‌ಸ್ಕ್ರೈಬ್ ಸಾಲನ್ನು ನಾನು ಕನೆಕ್ಟ್ ಆದ ಮೇಲೆ ಒಂದೇ ಸಲ ನಡೆಯುವ ಹಾಗೆ ಬರೆದಿದ್ದೆ. ಕ್ಲೀನ್ ಸೆಷನ್ (ಪ್ರತಿ ಸಲ ಹೊಸದಾಗಿ ಶುರು ಮಾಡುವ ವಿಧಾನ) ಇದ್ದರೆ, ಸಂಪರ್ಕ ಕಡಿದಾಗ ಬ್ರೋಕರ್ ಹಳೇ ಸಬ್‌ಸ್ಕ್ರಿಪ್ಷನ್ ಮರೆತುಬಿಡುತ್ತದೆ. ಆ ಸಾಲನ್ನು ಆನ್ ಕನೆಕ್ಟ್ ಕಾಲ್‌ಬ್ಯಾಕ್ ಒಳಗೆ, ಅಂದರೆ ಬ್ರೋಕರ್ ಉತ್ತರ ಕೊಟ್ಟಾಗ ಪಾಹೋ ತಾನೇ ಕರೆಯುವ ಫಂಕ್ಷನ್ ಒಳಗೆ ಹಾಕಿದೆ. ಪ್ರತಿ ಸಲ ಮರಳಿ ಸೇರಿದಾಗಲೂ ಅದು ನಡೆಯುತ್ತದೆ. ಅಲ್ಲಿಂದ ಆ ತೊಂದರೆ ಮತ್ತೆ ಬಂದಿಲ್ಲ.

ಆದರೆ ಆನ್ ಕನೆಕ್ಟ್ ಎಂಬ ಹೆಸರನ್ನು ಪೂರ್ತಿ ನಂಬಬೇಡಿ. ಬ್ರೋಕರ್ ಒಳಗೆ ಬಿಡದೆ ವಾಪಸ್ ಕಳಿಸಿದರೂ ಅದು ಓಡುತ್ತದೆ. ಪಾಸ್‌ವರ್ಡ್ ಬದಲಿಸಿ ಪೈಯಲ್ಲಿ ಹಾಕಲು ಮರೆತ ದಿನ, ನನ್ನ ಲಾಗ್ ತುಂಬ "ಸೇರಿತು, ಸೇರಿತು" ಎಂದೇ ಇತ್ತು. ಬ್ರೋಕರ್ ಒಪ್ಪಿತೋ ಇಲ್ಲವೋ ಎಂದು ಹೇಳುವ ರೀಸನ್ ಕೋಡ್ ನೋಡಲೇಬೇಕು. ಸಂಪರ್ಕ ಕಡಿದಾಗ ಓಡುವ ಆನ್ ಡಿಸ್‌ಕನೆಕ್ಟ್ ಬಗ್ಗೆ ನನಗೆ ಇನ್ನೂ ಬೇಸರವಿದೆ. ಕರೆಂಟು ಹೋಯಿತೋ, ಬ್ರೋಕರೇ ಹೊರಗೆ ಹಾಕಿತೋ, ಅದರಿಂದ ಗೊತ್ತಾಗುವುದಿಲ್ಲ. ಎಂಕ್ಯೂಟಿಟಿಯ 3.1.1 ಆವೃತ್ತಿಯಲ್ಲಿ ಬ್ರೋಕರ್ ಕಾರಣ ಹೇಳಿ ಹೋಗುವ ಪದ್ಧತಿಯೇ ಇಲ್ಲ. 5ರಲ್ಲಿ ಇದೆ.

ನನ್ನ ಸಿಟ್ಟು ಇಳಿಸಿದ್ದು ವಿಲ್. ಅಂದರೆ ಉಯಿಲೇ. ಕನೆಕ್ಟ್ ಮಾಡುವ ಮೊದಲೇ ಪೈ ತನ್ನ ಉಯಿಲು ಬರೆದಿಡುತ್ತದೆ: "ಇಲ್ಲ". ಹೇಳದೆ ಕೇಳದೆ ಅದು ಸತ್ತರೆ, ಬ್ರೋಕರ್ ಅದನ್ನು ಎಲ್ಲರಿಗೂ ಓದಿ ಹೇಳುತ್ತದೆ. ಅದಕ್ಕೆ ಮೊದಲು ಕೀಪ್‌ಅಲೈವ್‌ನ (ಪೈ ಸುದ್ದಿಯಿಲ್ಲದೆ ಇರಬಹುದಾದ ಹೊತ್ತಿನ) ಒಂದೂವರೆ ಪಟ್ಟು ಹೊತ್ತು ಕಾಯುತ್ತದೆ. ಪಾಹೋದಲ್ಲಿ ಮೊದಲಿಗೆ ಇರುವುದು 60 ಸೆಕೆಂಡು, ಅಂದರೆ 90 ಸೆಕೆಂಡು ಕಾಯಬೇಕು. ನಾನು ಅದನ್ನು 20 ಮಾಡಿದ್ದೇನೆ. ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕರೆಂಟು ಬಂದು ಪೈ ಮತ್ತೆ ಸೇರಿದಾಗ ಆನ್ ಕನೆಕ್ಟ್ "ಇದೆ" ಎಂದು ಬರೆಯುತ್ತದೆ. ಎರಡಕ್ಕೂ ರೀಟೇನ್ ಹಾಕಿದ್ದೇನೆ. ಹಾಗಾಗಿ ಯಾವಾಗ ನೋಡಿದರೂ ಕೊನೆಯ ಮಾತು ಅಲ್ಲೇ ಇರುತ್ತದೆ. ಬೆಳಿಗ್ಗೆ ಚಾ ಕುಡಿಯುವ ಮೊದಲು ಫೋನ್ ತೆರೆದು "ಇದೆ" ನೋಡುತ್ತೇನೆ. ಅತ್ತ ಭಾವನೂ ಪ್ಲಾಂಟಿನ ಬಾಗಿಲು ತೆರೆಯುವ ಮೊದಲು ಅದನ್ನೇ ನೋಡುತ್ತಾನೆ. ಮಳೆಗಾಲದ ಗುಡುಗಿನ ರಾತ್ರಿಗಳಲ್ಲಿ ಆ ಒಂದು ಪದ ಎಷ್ಟು ಸಮಾಧಾನ ಕೊಡುತ್ತದೆ, ಅಲ್ವಾ!

ಹಳೇ ಕೋಡ್ ಇರುವವರು ಗಮನಿಸಿ: ಪಾಹೋದ 2024ರ 2.0 ಆವೃತ್ತಿಯಲ್ಲಿ, ಬ್ರೋಕರ್‌ಗೆ ಸೇರುವ ಕ್ಲೈಂಟ್ ಮಾಡುವಾಗಲೇ ಕಾಲ್‌ಬ್ಯಾಕ್‌ಗಳು ಯಾವ ಆವೃತ್ತಿಯವು ಎಂದು ಹೇಳಬೇಕು. ಇಲ್ಲದಿದ್ದರೆ ಶುರುವಾಗುವುದೇ ಇಲ್ಲ. ನಾನು ಸುಮ್ನೆ ಅಪ್‌ಡೇಟ್ ಒತ್ತುವುದನ್ನು ಬಿಟ್ಟಿದ್ದೇನೆ. ಈಗ ಹೊಸತು ಹಾಕುವುದು ಜೂನ್‌ನಲ್ಲಿ ಮಾತ್ರ, ಬೋಟುಗಳೆಲ್ಲ ದಡದಲ್ಲಿ ಇರುವಾಗ.