2 ಟಿಬಿ ಅಂತ ಮಾರಿದ್ದು, ಒಳಗಿದ್ದದ್ದು 64 ಜಿಬಿ!

ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲ್ತಿಲ್ಲ ಅಂತ ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ‘2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ (ಹೊರಗಿನಿಂದ ಜೋಡಿಸೋ ಸ್ಟೋರೇಜ್ ಡ್ರೈವ್) ತರಿಸೋ ಯೋಚನೆ ಇದ್ರೆ ದಯವಿಟ್ಟು ಬಿಟ್ಟುಬಿಡಿ. ನನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ.

ಕನೆಕ್ಟ್ ಮಾಡಿದ ತಕ್ಷಣ ವಿಂಡೋಸ್ 1.81 ಟಿಬಿ ತೋರಿಸ್ತು. ಅಸಲಿ 2 ಟಿಬಿ ಡ್ರೈವ್ ಹಾಕಿದ್ರೂ ಅಷ್ಟೇ ತೋರಿಸೋದು, ಅನುಮಾನ ಎಲ್ಲಿಂದ ಬರಬೇಕು? ಫೋಟೊ, ವಿಡಿಯೊ ಎಲ್ಲಾ ಅದಕ್ಕೆ ಕಾಪಿ ಮಾಡಿ ಲ್ಯಾಪ್‌ಟಾಪ್ ಖಾಲಿ ಮಾಡಿದೆ. ಕಾಪಿ ಆಗುವಾಗ ಒಂದೇ ಒಂದು ಎರರ್ ಬರಲಿಲ್ಲ. ಒಂದೇ ಒಂದು!

ಆಮೇಲೆ ಒಂದು ಫೋಟೊ ತೆರೆದೆ. ಹಣೆಯಿಂದ ಮೂಗಿನವರೆಗೆ ಮುಖ, ಅದರ ಕೆಳಗೆ ಬರೀ ಬೂದು ಬಣ್ಣ. ಮುಂದಿನದು ತೆರೆಯಲೇ ಇಲ್ಲ. ಅದರ ಮುಂದಿನದೂ ಇಲ್ಲ. ಫೈಲ್ ಹೆಸರಿದೆ, ಸೈಜ್ ಇದೆ, ತಾರೀಖು ಇದೆ, ಒಳಗೆ ಏನೂ ಇಲ್ಲ. ಕೈಕಾಲು ತಣ್ಣಗಾಯ್ತು.

ಮಾರಿದವರ ಉತ್ತರ ಕೇಳಿ. ಮೊದಲು, ‘ಸರ್, ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡಿ.’ ಹೋಗಿರೋ ಫೋಟೊ ಫಾರ್ಮ್ಯಾಟ್ ಮಾಡಿದ್ರೆ ಬರುತ್ತಾ? ಆಮೇಲೆ, ‘ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ವೈರಸ್ ಇರಬೇಕು.’ ಡ್ರೈವ್‌ನಲ್ಲಿ ನಿಜವಾಗಿ ಎಷ್ಟು ಜಾಗ ಇದೆ ಅಂತ ಪರೀಕ್ಷಿಸೋ ಎಚ್‌2ಟೆಸ್ಟ್‌ಡಬ್ಲ್ಯೂ (H2testw) ಅನ್ನೋ ಸಾಫ್ಟ್‌ವೇರ್ ಓಡಿಸಿ ಸ್ಕ್ರೀನ್‌ಶಾಟ್ ಕಳಿಸಿದ್ರೆ, ‘ಅಂಥ ಸಾಫ್ಟ್‌ವೇರ್ ಹಾಕಿದ್ದಕ್ಕೇ ಡ್ರೈವ್ ಹಾಳಾಗಿದೆ, ವಾರಂಟಿ ಬರಲ್ಲ’ ಅಂತೆ!! ಕೊನೆಗೆ, ‘ಅರ್ಧ ದುಡ್ಡು ವಾಪಸ್ ಹಾಕ್ತೀವಿ, ಡ್ರೈವ್ ನೀವೇ ಇಟ್ಕೊಳ್ಳಿ, ಫೈವ್ ಸ್ಟಾರ್ ಕೊಟ್ಬಿಡಿ ಸರ್.’ ಫೈವ್ ಸ್ಟಾರ್ ಬೇರೆ ಕೊಡಬೇಕಂತೆ ಇವರಿಗೆ.

ಸಿಟ್ಟಿಗೆ ಕವಚ ಬಿಚ್ಚಿದೆ. ಒಂದು ಪುಟ್ಟ ಬೋರ್ಡು, ಅದರ ಮೇಲೆ ಅಂಟು ಹಾಕಿ ಕೂರಿಸಿದ 64 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್. ಉಳಿದದ್ದೆಲ್ಲ ಖಾಲಿ. ಫರ್ಮ್‌ವೇರ್ (ಡ್ರೈವ್ ಒಳಗೇ ಇದ್ದು ಅದನ್ನು ನಡೆಸೋ ಸಾಫ್ಟ್‌ವೇರ್) ತಿದ್ದಿ ಕಂಪ್ಯೂಟರ್‌ಗೆ 2 ಟಿಬಿ ಅಂತ ಸುಳ್ಳು ಹೇಳಿಸ್ತಾರೆ. 64 ತುಂಬಿದ ಮೇಲೆ ಬರೋ ಡೇಟಾ ಹಳೇದರ ಮೇಲೇ ಕೂರುತ್ತೆ, ಇಲ್ಲಾ ಎಲ್ಲೂ ಸೇರದೆ ಮಾಯವಾಗುತ್ತೆ. ಫೈಲ್‌ಗಳ ಪಟ್ಟಿ ಮಾತ್ರ ಉಳಿದಿರುತ್ತೆ, ಅದಕ್ಕೇ ಎಲ್ಲಾ ಸರಿ ಇದೆ ಅನ್ನಿಸೋದು.

ಯಾವ ಡ್ರೈವ್ ತಂದ್ರೂ ಖಾಲಿ ಇರುವಾಗಲೇ ಟೆಸ್ಟ್ ಮಾಡಿ: ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3. ಪೂರ್ತಿ ತುಂಬಿಸಿ ವಾಪಸ್ ಓದಿ ನೋಡುತ್ತೆ, ಗಂಟೆಗಟ್ಟಲೆ ಹಿಡಿಯುತ್ತೆ, ಹಿಡೀಲಿ ಬಿಡಿ. ದುಡ್ಡು ಕಮ್ಮಿ ಇದ್ರೆ ಹೆಸರಿರೋ ಕಂಪನಿಯ 256 ಜಿಬಿ ತಗೊಳ್ಳಿ. ಲ್ಯಾಪ್‌ಟಾಪ್ ಒಳಗೇ ಖಾಲಿ ಎಂ.2 ಸ್ಲಾಟ್ (ಇನ್ನೊಂದು ಎಸ್‌ಎಸ್‌ಡಿ ಕೂರಿಸೋ ಜಾಗ) ಇದೆಯಾ ಅಂತಲೂ ನೋಡಿ.

ನಾನು ಬರೆದ ಒಂದು ಸ್ಟಾರ್ ರಿವ್ಯೂ ಈಗ ಕಾಣ್ತಿಲ್ಲ. ಅದೇ ಕವಚ, ಅದೇ ಫೋಟೊ ಹಾಕಿ ಈಗ 4 ಟಿಬಿ ಅಂತ ಮಾರ್ತಿದ್ದಾರೆ.